ಬೆತ್ತ ನೆನೆಸುವ ತೊಟ್ಟಿ

“ಒಳಗೆ ಬಾರೇ ಮುಂಡೆ. ಬಾಗ್ಲಲ್ಲೇ ನಿಂತ್ರೆ ಆಫೀಸರಿಗೆ ನೀ ಎಲ್ಲಿ ಕಾಣ್ತಿ? ತೊಟ್ಟಿಗೆ ಮಾತ್ರ ಕೈ ತಾಗ್ಸಿದ್ರೆ ಚರ್ಮ ಸುಲೀತೀನಿ.”

ಸಾಗರದ ಬೆತ್ತದ ಸೊಸೈಟಿಯ ಮ್ಯಾನೇಜರ್ ಸುಬ್ಬಕೃಷ್ಣ ಹೀಗೆ ಮರ್ಯಾದೆಯಿಂದ ಕರೆದ ಮೇಲೆ, ಹೊಲಗೇರಿಯ ಗುತ್ಯಮ್ಮ ಹೊಸ್ತಿಲು ದಾಟಿದಳು. ಆರು ವರ್ಷ ಅವಳು ಕುರ್ಚಿ ಹೆಣೆದದ್ದು ಹೊರಗೆ, ಚರಂಡಿಯ ಪಕ್ಕ, ಒಬ್ಬಳೇ. ನೆನೆಯದ ಬೆತ್ತ ಬಾಗುವುದಿಲ್ಲ. ನೆನೆಸುವ ತೊಟ್ಟಿ ಒಳಗಿತ್ತು. ಅವಳು ಮುಟ್ಟಿದರೆ ನೀರು ಮೈಲಿಗೆ. ಚರಂಡಿಯಲ್ಲಿ ನೆನೆಸಿದರೆ ಬೆತ್ತ ಕಪ್ಪಾಗುತ್ತಿತ್ತು. ಒಣ ಬೆತ್ತವೇ ಗತಿ. ಅದು ಸೀಳಿ ಬೆರಳು ಕುಯ್ಯುತ್ತಿತ್ತು. “ಈ ರಂಡೆಗೆ ಕೆಲ್ಸ ಬರಲ್ಲ, ಖಾಯಂ ಹೆಂಗ್ ಮಾಡೋದು” ಅನ್ನುತ್ತಿದ್ದವನೂ ಸುಬ್ಬಕೃಷ್ಣನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವನ್ನೇ ಅಗೆದಿಟ್ಟು ಕುಣಿ ಅಂದಿದ್ದರು.

ತಪಾಸಣೆಯ ಆಫೀಸರನ್ನು ಹೊತ್ತು ಶಿವಮೊಗ್ಗೆಯ ಜೀಪು ಬಂತು.

“ನೋಡಿ ಸಾರ್, ಇವಳು ಹರಿಜನ. ನಮ್ಮಲ್ಲಿ ಜಾತಿಗೀತಿ ಇಲ್ಲ, ಎಲ್ರಿಗೂ ಸಮ ಕೆಲ್ಸ.”

ಆಫೀಸರು ತಲೆಯಾಡಿಸಿ ಬರೆದುಕೊಂಡರು, ಕಾಫಿ ಕುಡಿದರು, ಹೋದರು. ಪಕ್ಕದಲ್ಲಿ ಹೆಣೆಯುತ್ತಿದ್ದ ಮೀನಾಕ್ಷಮ್ಮ ಅಷ್ಟು ಹೊತ್ತೂ ಸೆರಗು ಮುದುರಿಕೊಂಡೇ ಕೂತಿದ್ದಳು.

“ಸಾಹೇಬ್ರು ಬರ್ಕೊಂಡ್ರಲ್ಲ ಒಡೆಯಾ, ಇನ್ನು ನಂಗೆ ಇಲ್ಲೇ ಜಾಗ ಅಲ್ದಾ?” ಗುತ್ಯಮ್ಮ ಕೇಳಿದಳು.

“ಜಾಗ? ಏಳೇ ಹಲ್ಕಾ. ನೀ ಕೂತಲ್ಲಿಗೆ ಸಗಣಿ ನೀರು ಹಾಕ್ಬೇಕು.”

ಗುತ್ಯಮ್ಮ ಎದ್ದಳು. ಬಾಗಿಲ ಕಡೆ ಹೋಗಲಿಲ್ಲ. ಒಣ ಬೆತ್ತದ ಕಟ್ಟನ್ನು ಎತ್ತಿಕೊಂಡು ಹೋಗಿ, ಮೊಣಕೈವರೆಗೂ ಕೈ ಇಳಿಸಿ ತೊಟ್ಟಿಯಲ್ಲಿ ಮುಳುಗಿಸಿದಳು. ಬೆರಳ ಗಾಯಗಳು ಚುರುಗುಟ್ಟಿದವು.

“ನೆನೀಲಿ ಒಡೆಯಾ. ನಂಗೆ ಕೆಲ್ಸ ಬತ್ತದೋ ಇಲ್ವೋ ಈಗ ನೋಡಿ.”

“ಹುಲಿಯಪ್ಪಾ, ಎಳ್ದು ಹೊರಗ್ ಹಾಕೋ ಇವಳ್ನ.”

ಜವಾನ ಹುಲಿಯಪ್ಪ ಹಿಂದೆ ಸರಿದ. “ಮುಟ್ಟೋದು ಹೆಂಗೆ ಸ್ವಾಮಿ? ನೀವೇ ಎಳೀರಿ.”

ಸುಬ್ಬಕೃಷ್ಣನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಪೊಲೀಸರನ್ನು ಕರೆಯಲು ಓಡಿದ. ಮೀನಾಕ್ಷಮ್ಮ ಅರ್ಧ ಹೆಣೆದದ್ದನ್ನು ಬಿಟ್ಟು, ತೊಟ್ಟಿಯ ನೀರು ತಾಗದಂತೆ ಸೆರಗು ಎತ್ತಿಕೊಂಡು ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದ ಹೆಣೆಯುವವರು, ಹುಲಿಯಪ್ಪ, ಎಲ್ಲರೂ ಹೊರಗೆ ಹೋದರು.

ಗುತ್ಯಮ್ಮ ಕಾದಳು. ಪೊಲೀಸರು ಇನ್ನೂ ಬಂದಿರಲಿಲ್ಲ. ಬೆತ್ತ ನೆನೆದ ಮೇಲೆ ಖಾಲಿ ಮಣೆಗಳ ನಡುವೆ ಕೂತು ಹೆಣೆಯತೊಡಗಿದಳು. ಬೆತ್ತ ಹೇಳಿದಂತೆ ಬಾಗಿತು. ಎಷ್ಟು ಚೆಂದ ಬಂತು ಎಂದು ತೋರಿಸಲು ತಲೆ ಎತ್ತಿದಳು. ಅಲ್ಲಿ ಯಾರೂ ಇರಲಿಲ್ಲ.