ನನ್ನ ಹೊಟ್ಟೆಕಿಚ್ಚು ಮತ್ತು ಗಾಡಿಯ ಹಿಂದಿನ ದೀಪ

ಸಂಜೆ ಹೊತ್ತು ಪಿಕಪ್ ಗಾಡಿಗೆ ಸರಕು ತುಂಬುವವರಿಗೆಲ್ಲ ಈ ಪಾಡು ಗೊತ್ತು. ಷೆಡ್ಡಿನೊಳಗೆ ಮಬ್ಬು, ಗಾಡಿಯ ಬಾಡಿಯಲ್ಲಿ ಕತ್ತಲು. ಹಗ್ಗ ಎಲ್ಲಿ, ಕೈ ಎಲ್ಲಿ, ತಿಳಿಯದು.

ನಮ್ಮದು ಕಿಟಕಿ ಗಾಜಿನ ಅಂಗಡಿ. ನನ್ನ ಗಂಡನೂ ಮೈದುನನೂ ಗಾಜು ಕತ್ತರಿಸುತ್ತಾರೆ. ನಾನೂ ನನ್ನ ಓರಗಿತ್ತಿಯೂ ಒಂದೊಂದು ಪಿಕಪ್ಪಿನಲ್ಲಿ ಸಾಗಿಸುತ್ತೇವೆ. ಹಗ್ಗ ಬಿಗಿಯುವವರು ಮಾತ್ರ ಅತ್ತೆ. ಅವರು ಹಾಕಿದ ಗಂಟು ಎಂಥ ಹಳ್ಳದಿಣ್ಣೆಗೂ ಸಡಿಲವಾಗುವುದಿಲ್ಲ.

ಹತ್ತು ವರ್ಷ ಅತ್ತೆ ಮೊದಲು ಹತ್ತುತ್ತಿದ್ದುದು ನನ್ನ ಗಾಡಿಯನ್ನೇ. ನಾನು ಹಿರಿ ಸೊಸೆ ತಾನೆ! ಆದರೆ ಹೋದ ತಿಂಗಳಿಂದ ನೇರ ಓರಗಿತ್ತಿಯ ಗಾಡಿಯ ಕಡೆ ನಡೆದುಬಿಡುತ್ತಿದ್ದರು. ಅತ್ತ ಇಬ್ಬರ ನಗು, ಇತ್ತ ನಾನೊಬ್ಬಳೇ ಹಗ್ಗ ಎಳೆಯಬೇಕು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ಉರಿದುಹೋಯಿತು. ಏನು ಮಂಕುಬೂದಿ ಎರಚಿದ್ದಾಳೋ ಎಂದುಕೊಂಡೆ.

ಅವಳ ಗಾಡಿಯ ಹಿಂದೆ, ಸರಕಿನ ಮೇಲೆ ಬೆಳಕು ಬೀಳುವ ದೀಪ ಝಗಝಗ ಉರಿಯುತ್ತಿತ್ತು, ನನ್ನದು ಕೆಟ್ಟು ತಿಂಗಳ ಮೇಲಾಗಿತ್ತು. ಓಹೋ, ಅತ್ತೆ ಈ ಷೋಕಿಗೆ ಮರುಳಾಗಿದ್ದಾರೆ ಎಂದು ತೀರ್ಮಾನಿಸಿದೆ. ಷೋಕಿ ನನಗೂ ಬರುತ್ತದೆ! ಫ್ಯೂಸ್ ಸುಟ್ಟಿತ್ತು. ಅದಕ್ಕೆ ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ ತುರುಕಿದೆ. ಸ್ವಿಚ್ ಒತ್ತಿದೆ. ದೀಪ ಹತ್ತಿತು!

"ಅತ್ತೇ, ಇಲ್ಲಿ ಬನ್ನಿ!" ಎಂದು ಓರಗಿತ್ತಿಗೂ ಕೇಳುವ ಹಾಗೆ ಕೂಗಿದೆ.

ಅತ್ತೆ ಗಾಡಿ ಹತ್ತಿ, ಹಗ್ಗ ಹಿಡಿದಿದ್ದರು ಅಷ್ಟೇ. ಪ್ಲಾಸ್ಟಿಕ್ ಸುಟ್ಟ ವಾಸನೆ. ಅವರ ಕಾಲ ಬುಡದಲ್ಲೇ ಹೊಗೆ. ಹೊಟ್ಟೆಯೊಳಗಿನ ಕಿಚ್ಚು ಗಾಡಿಗೂ ಹತ್ತುವುದರಲ್ಲಿತ್ತು.

"ಅತ್ತೆ, ಇಳೀರಿ!" ಓರಗಿತ್ತಿ ಓಡಿ ಬಂದಳು. ಅತ್ತೆಯನ್ನು ಇಳಿಸಿ, ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ವೈರ್ ಬಿಚ್ಚಿದಳು.

"ಏನಕ್ಕ ಇದು, ಬೆಳ್ಳಿ ಕಾಗದ?"

"ದೀಪ ಹತ್ತಿತಲ್ಲ!" ಎಂದೆ, ಜಂಭ ಬಿಡದೆ.

"ಫ್ಯೂಸ್ ಹೋಯ್ತು ಅಂದ್ರೆ ಎಲ್ಲೋ ತೊಂದರೆ ಇದೆ ಅಂತ ಅದು ಹೇಳ್ತಿದೆ. ನೀನು ಅದರ ಬಾಯಿ ಮುಚ್ಚಿಸಿದೆ. ನೋಡಿಲ್ಲಿ, ಗಾಜಿನ ಚೌಕಟ್ಟು ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋಗಿದೆ. ಬರೀ ತಂತಿ ತಗಡಿಗೆ ತಾಗಿದೆ."

"ನಿಂಗೆ ಎಲ್ಲಾ ಗೊತ್ತು ಬಿಡು."

"ಗೊತ್ತಿರ್ಲಿಲ್ಲ ಅಕ್ಕ. ನನ್ನದೂ ಕೆಟ್ಟಿತ್ತು. ಅರ್ತ್ ವೈರಿನ ಬೋಲ್ಟ್ ತುಕ್ಕು ಹಿಡಿದು ದೀಪ ಮಿಣಮಿಣ ಅಂತಿತ್ತು. ಎಲೆಕ್ಟ್ರಿಷಿಯನ್ ಅದನ್ನ ಉಜ್ಜಿ ಬಿಗಿ ಮಾಡ್ವಾಗ ಪಕ್ಕದಲ್ಲೇ ನಿಂತು ಕೇಳ್ಕೊಂಡೆ."

ಅವಳಿಂದ ಪಾಠ ಕೇಳುವುದು ನನಗೆ ಮೆಣಸಿನಕಾಯಿ ಅಗಿದ ಹಾಗಾಯಿತು. ಆದರೂ ಕೇಳಿದೆ. ಮರುದಿನ ಎಲೆಕ್ಟ್ರಿಷಿಯನ್ ಹೊಸ ವೈರನ್ನು ಪೈಪಿನೊಳಗೆ ಎಳೆದು, ಮೊದಲಿದ್ದಷ್ಟೇ ಆಂಪಿಯರಿನ ಫ್ಯೂಸ್ ಹಾಕಿಕೊಟ್ಟ. ಸಂಜೆ ಅತ್ತೆ ತಾವಾಗಿಯೇ ನನ್ನ ಗಾಡಿ ಹತ್ತಿದರು.

ತಡೆಯಲಾರದೆ ಕೇಳಿಯೇಬಿಟ್ಟೆ: "ಅತ್ತೆ, ನಿಮಗೆ ಅವಳೇ ಹೆಚ್ಚಲ್ವಾ?"

ಅತ್ತೆ ದೀಪದ ಕೆಳಗೆ ಅಂಗೈ ಚಾಚಿದರು. ಕೊಯ್ದ ಗಾಯ ಎರಡು, ಒಂದು ಇನ್ನೂ ಪೂರ್ತಿ ಮಾಗಿರಲಿಲ್ಲ.

"ನಿನ್ನ ಗಾಡೀಲಿ ಗಾಜಿನ ಅಂಚು ಕಾಣ್ತಿರ್ಲಿಲ್ಲ ಕಣೇ. ಕಣ್ಣು ಮಂಜಾಗಿದೆ ಅನ್ನೋಕೆ ನಾಚಿಕೆ ಆಯ್ತು."

ಒಂದು ತಿಂಗಳು ಓರಗಿತ್ತಿಯ ಮುಖ ನೋಡಿ ಉರಿದಿದ್ದೆ. ಅತ್ತೆಯ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ.

ಗಾಡಿ ಓಡಿಸುವ ಅಕ್ಕಂದಿರೇ, ಅಣ್ಣಂದಿರೇ, ಇಂದೇ ಸರಕಿಗೆ ಬೆಳಕು ಕೊಡುವ ಹಿಂದಿನ ದೀಪ ಹಾಕಿ ನೋಡಿ. ಹತ್ತದಿದ್ದರೆ ಸ್ವಿಚ್, ಬಲ್ಬ್, ಫ್ಯೂಸ್ ಪರೀಕ್ಷಿಸಿ. ಮಿಣುಕಿದರೆ ಅರ್ತ್ ವೈರ್ ನೋಡಿ. ಫ್ಯೂಸ್ ಮತ್ತೆ ಮತ್ತೆ ಸುಟ್ಟರೆ ಎಲೆಕ್ಟ್ರಿಷಿಯನ್ನರಿಗೆ ತೋರಿಸಿ. ಬೆಳ್ಳಿ ಕಾಗದ, ತಂತಿ ತುರುಕಬೇಡಿ. ಗಾಡಿ ನಿಂತಾಗ ಮಾತ್ರ ಈ ದೀಪ ಸಾಕು. ಹೊರಡುವ ಮುಂಚೆ ಆರಿಸಿ, ಇಲ್ಲದಿದ್ದರೆ ಹಿಂದೆ ಬರುವವರ ಕಣ್ಣು ಕುಕ್ಕುತ್ತದೆ. ಇಂಜಿನ್ ನಿಲ್ಲಿಸಿ ಬಹಳ ಹೊತ್ತು ಉರಿಸಿದರೆ ಬ್ಯಾಟರಿಯೂ ಇಳಿಯುತ್ತದೆ.

ಕಾಣುತ್ತಿಲ್ಲ ಎಂದು ಸರಕು ತುಂಬುವವರು ಬಾಯಿ ಬಿಟ್ಟು ಹೇಳಲಿಕ್ಕಿಲ್ಲ. ನೀವೇ ಅವರ ಅಂಗೈ ನೋಡಿ.