ತಂಗಿಯ ತೋಳಿನ ಕಲೆಗಳು

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದ ಆಕೆಯನ್ನು ಡ್ರೈವರುಗಳಿಂದ ಹಿಡಿದು ನೆಂಟರಿಷ್ಟರ ತನಕ ಎಲ್ಲರೂ ಚೆಕಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಟಿಕೆಟ್ ಇಲ್ಲದವನು ಕಿಟಕಿಯಾಚೆ ಹೇಗೆ ನೋಡುತ್ತಾನೆ, ಇದ್ದವನು ಹೇಗೆ ನೋಡುತ್ತಾನೆ ಎನ್ನುವುದು ಆಕೆಗೆ ಬಸ್ಸು ಹತ್ತುತ್ತಿದ್ದಂತೆ ಗೊತ್ತಾಗಿಬಿಡುತ್ತಿತ್ತು. ತೊಂದರೆಯೇನೆಂದರೆ, ಮನೆಗೆ ಬಂದು ಸಮವಸ್ತ್ರ ಬಿಚ್ಚಿಟ್ಟರೂ ಆ ಕಣ್ಣನ್ನು ಬಿಚ್ಚಿಡಲು ಬರುತ್ತಿರಲಿಲ್ಲ. "ನಮ್ಮಕ್ಕ ಮೊಸರಲ್ಲೂ ಕಲ್ಲು ಹುಡುಕ್ತಾಳೆ" ಎಂದು ಅವಳ ತಂಗಿ ನಗುತ್ತಿದ್ದಳು.

ಆ ತಂಗಿಗೆ ಒಂದು ದಿನ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತದ ತುಣುಕೊಂದು ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಪುಣ್ಯಕ್ಕೆ ಜೀವ ಉಳಿಯಿತು. ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟ ಡಾಕ್ಟರು, "ಈ ಮಾತ್ರೆ ಹುಷಾರಾಗಿ ತಗೋಬೇಕು. ಹೊಸಬರಿಗೆ ಆನ್‌ಲೈನ್ ಕ್ಲಾಸ್ ಇದೆ, ಮನೇಲೇ ಕೂತು ಫೋನಲ್ಲಿ ನೋಡಿ" ಎಂದು ಹೇಳಿ ಕಳಿಸಿದರು.

ತಂಗಿಯೂ ಅವಳ ಗಂಡನೂ ಸೇರಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ಅವನು ಮರ ಕೊಯ್ದು ಮೊಳೆ ಹೊಡೆದರೆ ಇವಳು ಗಾಜು ಕತ್ತರಿಸುವಳು. ಮಾತು ಕಡಿಮೆಯ ಮನುಷ್ಯ ಅವನು. ಅತಿ ವಿನಯ ಧೂರ್ತರ ಲಕ್ಷಣ ಎಂದು ನಂಬಿದ್ದ ಚೆಕಿಂಗ್ ಅಕ್ಕನಿಗೆ, ಮದುವೆಯ ದಿನದಿಂದಲೂ ಅವನ ತಗ್ಗಿಸಿದ ತಲೆಯ ಮೇಲೆ ಒಂದು ಅನುಮಾನ ಇದ್ದೇ ಇತ್ತು.

ಆಸ್ಪತ್ರೆಯಿಂದ ಬಂದ ಮೇಲೆ ತಂಗಿಯನ್ನು ನೋಡಲು ಹೋದಾಗ ಅವಳು ಒಳಗಿನ ಕೋಣೆಯಲ್ಲಿ ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದಳು.

"ಯಾಕೆ, ಅಂಗಡಿಗೆ ಹೋಗಲ್ವಾ?"

"ಅವರು ಬರಬೇಡ ಅಂದಿದಾರೆ. ಗಾಜು ಮುಟ್ಟೋ ಹಾಗೇ ಇಲ್ವಂತೆ."

"ನಿನ್ನ ಅಂಗಡಿಗೆ ನೀನು ಬರಬೇಡ ಅನ್ನೋಕೆ ಅವನ್ಯಾರು? ಅದ್ಸರಿ, ಆ ಕ್ಲಾಸೇನಾಯ್ತು?"

"ಮುಗೀತು" ಎಂದಳು ತಂಗಿ, ಅಕ್ಕನ ಮುಖ ನೋಡದೆ.

ಹೊರಡುವ ಹೊತ್ತಿಗೆ ತಂಗಿ ಸೊಂಟ ಹಿಡಿದುಕೊಂಡು ಎದ್ದಳು. ಕೂತು ಕೂತು ಬೆನ್ನು ಹಿಡಿದುಕೊಂಡಿದೆ ಎಂದಳು. ಇಡೀ ದಿನ ಬಸ್ಸಿನಲ್ಲಿ ನಿಂತೇ ಇರುವ ಅಕ್ಕನ ಚೀಲದಲ್ಲಿ ಮೊಣಕಾಲು ನೋವಿನ ಮಾತ್ರೆ ಯಾವಾಗಲೂ ಇರುತ್ತಿತ್ತು. ಒಂದು ಪಟ್ಟಿ ತೆಗೆದು ತಂಗಿಯ ಕೈಯಲ್ಲಿಟ್ಟಳು. "ನೋವು ಬಂದಾಗ ನುಂಗು. ಅವನಿಗೆ ಹೇಳಬೇಡ, ಅದಕ್ಕೂ ಒಂದು ಕಾನೂನು ಮಾಡ್ತಾನೆ" ಎಂದಳು.

ಮುಂದಿನ ಸಲ ಹೋದಾಗ ಸೆಕೆ ಉರಿಯುತ್ತಿದ್ದರೂ ತಂಗಿ ಉದ್ದ ತೋಳಿನ ಅಂಗಿ ಹಾಕಿದ್ದಳು. ನೀರಿನ ಲೋಟ ತೆಗೆದುಕೊಳ್ಳಲು ಕೈ ಚಾಚಿದಾಗ ತೋಳು ಸರಿದು, ಮಣಿಕಟ್ಟಿನ ಮೇಲೆ ನೇರಳೆ ಬಣ್ಣದ ಕಲೆಯೊಂದು ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು. ಬೆರಳಿನ ಗುರುತಿನಂತೆಯೇ ಇದ್ದವು.

"ಏನಿದು?"

"ಬಾಗಿಲು ತಗುಲ್ತು."

ಬಾಗಿಲಿಗೆ ಬೆರಳು ಎಲ್ಲಿಂದ ಬಂತು ಎಂದು ಅಕ್ಕನ ಬಾಯಿಗೆ ಬಂದಿತ್ತು. ನುಂಗಿಕೊಂಡಳು. ಸಾಕ್ಷಿ ಇಲ್ಲದೆ ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವಳ ಕೆಲಸವೇ ಕಲಿಸಿತ್ತು. ಹೊರಗೆ ಬರುತ್ತಾ ಅಂಗಡಿಯಲ್ಲಿ ಅವನನ್ನು ನೋಡಿದಳು. ಅವಳನ್ನು ಕಂಡದ್ದೇ ತಡ, ಅವನು ಫೋನನ್ನು ಮಗುಚಿ ಮೇಜಿನ ಮೇಲಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅಕ್ಕನ ಲೆಕ್ಕದಲ್ಲಿ. ಇವನ ಕೈ ಉದ್ದ, ಗುಟ್ಟು ಅದಕ್ಕಿಂತ ಉದ್ದ ಎಂದುಕೊಂಡಳು. ಅಂದಿನಿಂದ ಬಸ್ಸಿನಲ್ಲಿ ಯಾರ ಟಿಕೆಟ್ ನೋಡಿದರೂ ಕಣ್ಣಿಗೆ ಕಟ್ಟುತ್ತಿದ್ದದ್ದು ಆ ನೇರಳೆ ಕಲೆಯೇ.

ಆ ವಾರವೇ ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋದಳು. ಅಂಗಡಿಗೆ ಅರ್ಧ ಬಾಗಿಲು ಎಳೆದಿತ್ತು. ಒಳಗೆ, ಮರದ ಪಟ್ಟಿಗಳನ್ನು ಪೇರಿಸಿಡುವ ಕೋಣೆಯಿಂದ ಒಬ್ಬ ಹೆಂಗಸಿನ ಧ್ವನಿ ಕೇಳಿಸಿತು.

"ಅವರಿಗೆ ಗೊತ್ತಾಗದ ಹಾಗೆ ಎಷ್ಟು ದಿನ ಅಂತ ಹೀಗೆ ನಡೆಸ್ತೀರಿ?"

"ಇನ್ನೊಂದು ಸ್ವಲ್ಪ ದಿನ. ಅವಳು ಹೆದರ್ತಾಳೆ, ಈಗಲೇ ಬೇಡ" ಎಂದ ತಂಗಿಯ ಗಂಡ.

ಅಷ್ಟು ಸಾಕಾಯಿತು. ಚೆಕಿಂಗ್ ಅಕ್ಕ ಬಾಗಿಲು ತಳ್ಳಿಕೊಂಡು ನುಗ್ಗಿದಳು.

"ಯಾರೋ ಅವಳು? ನನ್ನ ತಂಗೀನ ಹೊಡೆದು ಮೂಲೇಲಿ ಕೂರಿಸಿ, ಇಲ್ಲಿ ಇವಳ ಜೊತೆ ಏನೋ ನಿಂದು?"

ಅವನು ಬೆಚ್ಚಿ ಎದ್ದು ನಿಂತ. ಗೋಡೆಗೆ ಒರಗಿಸಿಟ್ಟಿದ್ದ ಫೋನಿನ ಪರದೆಯಲ್ಲಿ ಬಿಳಿ ಕೋಟಿನ ಒಬ್ಬ ನರ್ಸ್. ಅವಳ ಸುತ್ತ ಸಣ್ಣ ಸಣ್ಣ ಚೌಕಗಳಲ್ಲಿ ಏಳೆಂಟು ಮುಖಗಳು. ಬೋಳು ತಲೆಯ ಮುದುಕರೊಬ್ಬರು ಕನ್ನಡಕ ಸರಿಮಾಡಿಕೊಂಡು, ಬಾಯಿ ತೆರೆದು ಇವಳನ್ನೇ ನೋಡುತ್ತಿದ್ದರು.

"ನೀವು ಯಾರಮ್ಮ?" ಎಂದಳು ನರ್ಸ್.

"ಅವಳ ಅಕ್ಕ. ನೀನ್ಯಾರು?"

"ಈ ಕ್ಲಾಸಿನ ಸಿಸ್ಟರ್. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ಪಾಠ ಮಾಡ್ತೀನಿ."

"ಕ್ಲಾಸ್ ಮುಗಿದೋಯ್ತಲ್ಲ!"

"ಅವಳು ಮೊದಲನೇ ದಿನಾನೇ ಎದ್ದು ಹೋದಳು ಅತ್ತಿಗೆ" ಎಂದ ತಂಗಿಯ ಗಂಡ. "ರಕ್ತಸ್ರಾವ ಅನ್ನೋ ಮಾತು ಕೇಳಿದ್ದೇ, ಮಾತ್ರೇನೇ ಬೇಡ ಅಂತ ಹಠ ಹಿಡಿದಳು. ಮಾತ್ರೆ ಹೇಗೋ ನುಂಗಿಸಿದೆ, ಕ್ಲಾಸಿಗೆ ಮಾತ್ರ ಬರಲಿಲ್ಲ. ಅದಕ್ಕೇ ಅವಳಿಗೆ ಗೊತ್ತಾಗದ ಹಾಗೆ ನಾನೇ ಕೇಳಿಸಿಕೊಂಡು, ಬೇಕಾದ್ದಷ್ಟು ಅವಳಿಗೆ ಹೇಳ್ತಿದ್ದೆ. ನಿಮಗೆ ಹೇಳಿದ್ರೆ ನೀವು ಅವಳನ್ನ ಬಯ್ತೀರಿ ಅಂತ ಸುಮ್ಮನಿದ್ದೆ. ಆದರೆ ಹೊಡೆದೆ ಅಂದ್ರಲ್ಲ... ನಾನ್ಯಾವಾಗ ಹೊಡೆದೆ?"

"ಹಾಗಾದ್ರೆ ಅವಳ ಮೈಮೇಲಿನ ಕಲೆ?"

"ಯಾವ ಕಲೆ?" ಗಂಡನೂ ನರ್ಸೂ ಒಟ್ಟಿಗೇ ಕೇಳಿದರು.

ಗಲಾಟೆ ಕೇಳಿ ತಂಗಿ ಬಾಗಿಲಿಗೆ ಬಂದಿದ್ದಳು. ಮತ್ತೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆಂಬ ಭಯಕ್ಕೆ ಇಷ್ಟು ದಿನ ಮುಚ್ಚಿಟ್ಟವಳು, ಇನ್ನು ಪ್ರಯೋಜನವಿಲ್ಲವೆಂದು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈ ತನಕ ನೇರಳೆ, ಹಸಿರು, ಹಳದಿ. ಗಂಡ ಅವಳ ಕೈ ಹಿಡಿದು ನೋಡಿದ. ಅವನು ಆ ಕೈಯನ್ನು ಹಿಡಿದುಕೊಂಡ ರೀತಿ ನೋಡಿ ಚೆಕಿಂಗ್ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

ನರ್ಸ್ ಸರಸರನೆ ಕೇಳತೊಡಗಿದಳು. ಹಲ್ಲುಜ್ಜುವಾಗ ರಕ್ತ ಬರುತ್ತಾ? ಬರುತ್ತೆ. ಮಲ ಕಪ್ಪಗಿದೆಯಾ? ತಂಗಿ ತಲೆ ತಗ್ಗಿಸಿ ಹೂಂ ಎಂದಳು. ನಾವು ಕೊಟ್ಟ ಮಾತ್ರೆ ಬಿಟ್ಟು ಬೇರೆ ಏನಾದರೂ?

"ಬೆನ್ನು ನೋವಿಗೆ ಒಂದು ತಗೋತಿದೀನಿ" ಎಂದಳು ತಂಗಿ. "ಅಕ್ಕ ಕೊಟ್ಟಿದ್ದು."

ಚೆಕಿಂಗ್ ಅಕ್ಕ ಚೀಲದೊಳಗೆ ಕೈ ಹಾಕಿ, ತಡಕಾಡಿ, ಮಾತ್ರೆಯ ಪಟ್ಟಿ ತೆಗೆದು ಫೋನಿನ ಮುಂದೆ ಹಿಡಿದಳು. ದಿನಕ್ಕೆ ನೂರು ಜನರ ಕೈಯಿಂದ ಟಿಕೆಟ್ ಈಸಿಕೊಳ್ಳುವವಳು, ತಾನೇ ಈಗ ತಪಾಸಣೆಗೆ ನಿಂತಿದ್ದಳು.

"ಇದೂ ಅದೂ ಸೇರಬಾರದು" ಎಂದಳು ನರ್ಸ್. "ಹೊಟ್ಟೆಯೊಳಗೆ ರಕ್ತ ಜಿನುಗ್ತಾ ಇರಬಹುದು. ಈಗಲೇ, ಈ ಕ್ಷಣ ಆಸ್ಪತ್ರೆಗೆ ಹೊರಡಿ. ನಾನು ಫೋನ್ ಮಾಡಿ ಹೇಳಿರ್ತೀನಿ."

ನರ್ಸ್ ಹೇಳಿದ್ದು ನಿಜವಾಗಿತ್ತು. ತಂಗಿಗೆ ರಕ್ತ ಹಾಕಬೇಕಾಯಿತು, ಕೆಲವು ದಿನ ಅಲ್ಲೇ ಇರಿಸಿಕೊಂಡರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ವಾರ್ಡಿನ ಹೊರಗಿನ ಬೆಂಚಿನ ಈ ತುದಿಯಲ್ಲಿ ಚೆಕಿಂಗ್ ಅಕ್ಕ, ಆ ತುದಿಯಲ್ಲಿ ತಂಗಿಯ ಗಂಡ. ನಡುವೆ ಇನ್ನೂ ಮೂವರು ಕೂರುವಷ್ಟು ಜಾಗ.

"ತಪ್ಪಾಯ್ತು ಕಣಪ್ಪ" ಎಂದಳು ಅಕ್ಕ ಕೊನೆಗೂ. "ಕಾಮಾಲೆ ಕಣ್ಣು ನಂದು."

ಅವನು ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟ. "ಕಲೆ ನೋಡಿ ನೀವು ಕೇಳಿದ್ದು ಸರೀನೇ ಅತ್ತಿಗೆ. ನಾನು ದಿನಾ ಜೊತೇಲಿದ್ದೂ ನೋಡ್ಲಿಲ್ಲ. ಆದ್ರೆ ಅವಳ ಮೇಲೆ ಕೈ ಮಾಡೋನು ಅಂದ್ಕೊಂಡ್ರಲ್ಲ, ಅದು ಒಳಗಿಂದ ಇಳಿಯೋಕೆ ಟೈಮ್ ಬೇಕು."

"ತಗೋ. ನಾನು ಅವಸರ ಮಾಡಲ್ಲ."

ತಂಗಿ ಮನೆಗೆ ಬಂದ ಮೇಲಿನ ಮೊದಲ ಕ್ಲಾಸಿಗೆ ಮೂವರೂ ಕೂತರು. ತಂಗಿ ನಡುವೆ. ರಕ್ತಸ್ರಾವದ ಪಾಠ ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು, ಆದರೆ ಏಳಲಿಲ್ಲ. ಅಕ್ಕ ಮಾತ್ರ ನರ್ಸನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಸುಸ್ತು ಮಾಡಿದಳು. ನೆಗಡಿ ಮಾತ್ರೆ ನಡೆಯುತ್ತಾ, ಹಲ್ಲು ಕೀಳಿಸಬಹುದಾ, ಸೊಪ್ಪು ತಿನ್ನಬಹುದಾ, ಖಂಡಿತಾನಾ, ಯಾರು ಹೇಳಿದ್ದು? ಬೋಳು ತಲೆಯ ಮುದುಕರು ನಗುತ್ತಾ, "ಇವರು ದಿನಾ ಬರಲಿ ಸಿಸ್ಟರ್, ನಾವು ಕೇಳೋಕೆ ನಾಚಿಕೊಳ್ಳೋದನ್ನೆಲ್ಲ ಇವರೇ ಕೇಳ್ತಾರೆ" ಎಂದರು.

ಕೊನೆಯಲ್ಲಿ ತಂಗಿ ಮೆಲ್ಲನೆ ಬಾಯಿ ತೆರೆದಳು. "ಸಿಸ್ಟರ್, ನಾನು ಈಜು ಕಲಿಯಬಹುದಾ?"

"ಬೇಡ!" ಎಂದರು ಗಂಡನೂ ಅಕ್ಕನೂ ಒಂದೇ ಉಸಿರಿಗೆ.

"ನಿಮ್ಮಿಬ್ಬರನ್ನ ಯಾರು ಕೇಳಿದ್ರು?" ಎಂದಳು ತಂಗಿ. ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡು ಉತ್ತರಕ್ಕೆ ಕಾದಳು.