ನಾರ್ವೆಯ ನೂರು

ಮೀನಿನ ಡಬ್ಬಿ ಕಾರ್ಖಾನೆಯ ಕೆಲಸ ಬಿಡಿಸಿ ಸೀವ್‌ಳನ್ನು ತನ್ನ ಅಂಗಡಿಗೆ ಕರೆತಂದ ದಿನ ಗುನ್ವೋರ್ ಅವಳಿಗೆ ಮಾತು ಕೊಟ್ಟಿದ್ದಳು: "ನಿಂಗೆ ಪಿಂಚಣಿ ಬರೋ ತನಕ ಈ ಚೀಸ್ ಕೌಂಟರ್ ನಿಂದೇ. ನಾನು ಮುಚ್ಚಲ್ಲ." ಅದಾಗಿ ಹನ್ನೆರಡು ವರ್ಷ. ಪಿಂಚಣಿಗೆ ಇನ್ನು ಹದಿನಾಲ್ಕೇ ತಿಂಗಳು ಉಳಿದಿರುವಾಗ ಗುನ್ವೋರ್ ಆ ಮಾತನ್ನು ಮುರಿಯಲು ಹೊರಟಿದ್ದಳು.

ಅವಳ ಅಂಗಡಿ ಇದ್ದದ್ದು ಸ್ವಿನೆಸುಂಡ್ ಸೇತುವೆಯ ಈಚೆ, ಸ್ವೀಡನ್ ಕಡೆಗೆ. ಹತ್ತರಲ್ಲಿ ಒಂಬತ್ತು ಗಿರಾಕಿಗಳು ಅಗ್ಗದ ಹಂದಿಮಾಂಸ, ಚೀಸ್, ಮಿಠಾಯಿಗಾಗಿ ಸೇತುವೆ ದಾಟಿ ಬರುವ ನಾರ್ವೆಯವರು. ಹಾಗಾಗಿ ಬೆಳಿಗ್ಗೆ ಕಾಫಿಗೆ ನೀರಿಡುವ ಮೊದಲೇ ನಾರ್ವೆಯ ನೂರು ಕ್ರೋನಕ್ಕೆ ಸ್ವೀಡನ್ನಿನ ಎಷ್ಟು ಕ್ರೋನ ಸಿಗುತ್ತದೆ ಎಂದು ನೋಡುವುದು ಅವಳ ರೂಢಿ. ನೂರಾ ಇಪ್ಪತ್ತಿದ್ದ ಕಾಲದಲ್ಲಿ ಅಂಗಡಿ ಮುಂದೆ ಕಾರು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ದರ ಇಳಿದ ವರ್ಷಗಳಲ್ಲಿ ಕಾರುಗಳೂ ಇಳಿದಿದ್ದವು. ನಾರ್ವೆ ಮಾರುವ ಕಚ್ಚಾ ಎಣ್ಣೆಯ ಬೆಲೆ ಬಿದ್ದರೆ ಅವರ ಕ್ರೋನ ಬೀಳುತ್ತದೆ, ಅದು ಬಿದ್ದರೆ ತನ್ನ ಗಲ್ಲಾ ಖಾಲಿ. ಪಕ್ಕದ ದೇಶದ ನಾಡಿ ಹಿಡಿಯಲು ಅವಳಿಗೆ ಆ ಒಂದು ಅಂಕಿ ಸಾಕಾಗಿತ್ತು.

ಈ ವಸಂತದಲ್ಲಿ ಆ ಅಂಕಿ ತೊಂಬತ್ತೈದಕ್ಕೆ ಬಂದು ನಿಂತಿತು. ಈಸ್ಟರ್ ಮುಗಿದ ಕೂಡಲೇ ಕೌಂಟರ್ ಕಿತ್ತು ಅಲ್ಲಿ ಪ್ಯಾಕೆಟ್ ಚೀಸ್ ಪೇರಿಸುವುದೆಂದು ಗುನ್ವೋರ್ ತೀರ್ಮಾನಿಸಿದಳು. ಈಸ್ಟರ್ ಮುಂಚಿನ ಗುರುವಾರ ನಾರ್ವೆಗೆ ರಜೆ, ಸ್ವೀಡನ್ನಿಗಲ್ಲ. ವರ್ಷದಲ್ಲೇ ದೊಡ್ಡ ವ್ಯಾಪಾರದ ದಿನ. ಅದಕ್ಕೂ ಅವಳು ಅರ್ಧದಷ್ಟೇ ಚೀಸ್ ತರಿಸಿದಳು. ಇಷ್ಟು ಸಾಲುತ್ತಾ ಎಂದು ಸೀವ್ ಕೇಳಿದಾಗ ದರ ಬಿದ್ದಿರುವುದನ್ನು ಹೇಳಿದಳು. ದರ ಕಟ್ಟಿಕೊಂಡು ತನಗೇನಾಗಬೇಕು, ಚಾಕು ಹರಿತ ಇದ್ದರೆ ಸಾಕು ಎಂದಳು ಸೀವ್. ಕೌಂಟರ್ ಕೀಳುವ ವಿಷಯವನ್ನು ಗುರುವಾರ ಸಂಜೆ ಬಾಗಿಲು ಹಾಕಿದ ಮೇಲೆ ಹೇಳಿಬಿಡೋಣ ಎಂದುಕೊಂಡಳು ಗುನ್ವೋರ್.

ಗುರುವಾರ ಒಂಬತ್ತೂವರೆಗೆಲ್ಲ ಕಾರಿನ ಸಾಲು ಹೆದ್ದಾರಿ ಮುಟ್ಟಿತ್ತು. ಹನ್ನೊಂದಕ್ಕೆ ಚೀಸ್ ತಳ ಕಂಡಿತು. ಗುನ್ವೋರ್‌ಗೆ ಏನೂ ಅರ್ಥವಾಗಲಿಲ್ಲ. ನಾರ್ವೆಯ ಹಾಲ್ಡೆನ್ ಊರಿನ ತೂರ್ಲೈಫ್ ಇಪ್ಪತ್ತು ವರ್ಷದ ಗಿರಾಕಿ. ಬರಿದಾದ ಕೌಂಟರಿನ ಮುಂದೆ ನಿಂತು ಅವಳನ್ನು ಕೆಣಕಿದ.

"ನಾವು ಬರಲ್ಲ ಅಂತ ನಿಂಗೆ ಯಾರು ಹೇಳಿದ್ದು?"

"ನಿಮ್ ಕ್ರೋನಾನೇ ಹೇಳ್ತು. ತೊಂಬತ್ತೈದು."

"ಅದು ಅರ್ಧ ಮಾತು ಮಾರಾಯ್ತಿ. ಇಲ್ಲಿ ನೂರರ ಚೀಸ್‌ಗೆ ನಂದು ನೂರೈದು ಹೋಗುತ್ತೆ, ಸರಿ. ಹಾಲ್ಡೆನ್‌ನಲ್ಲಿ ಅದೇ ಚೀಸ್‌ಗೆ ನೂರಾ ಎಪ್ಪತ್ತು. ಕ್ರೋನ ಸೊರಗಿದ್ದಕ್ಕೆ ಹೊರಗಿಂದ ಬರೋದೆಲ್ಲ ತುಟ್ಟಿ ಆಗಿದೆ. ನಮ್ಮ ಕಡೆ ಅಂಗಡಿಗೆ ಹೋಗಿ ಎಷ್ಟು ವರ್ಷ ಆಯ್ತು ನೀನು?"

ಗುನ್ವೋರ್ ನೆನಪು ಮಾಡಿಕೊಂಡಳು. ಒಮ್ಮೆಯೂ ಹೋಗಿರಲಿಲ್ಲ. ಸಾಮಾನು ಕೊಳ್ಳಲು ಈಚೆಯಿಂದ ಆಚೆಗೆ ಸೇತುವೆ ದಾಟುವವರು ಈ ಊರಲ್ಲಿ ಯಾರೂ ಇಲ್ಲ. ಹಣದ ಬೆಲೆಯನ್ನು ದಿನಾ ನೋಡಿದವಳು ಆ ಹಣಕ್ಕೆ ಅಲ್ಲಿ ಏನು ಸಿಗುತ್ತದೆಂದು ನೋಡಿರಲಿಲ್ಲ.

ಇನ್ನು ಕೌಂಟರ್ ಕೀಳಬೇಕಿಲ್ಲ ಎನಿಸಿ ಎದೆಯ ಮೇಲಿನ ಮೂಟೆ ಇಳಿದಂತಾಯಿತು. ಉಗ್ರಾಣಕ್ಕೆ ಹೋಗಿ ಒಂದು ಪೆಟ್ಟಿಗೆಯ ಮೇಲೆ ಕುಳಿತಳು. ಆಮೇಲೆ ಸಗಟು ವ್ಯಾಪಾರಿಗೆ ಫೋನ್ ಮಾಡಿ ಶನಿವಾರಕ್ಕೆ ಎರಡರಷ್ಟು ಚೀಸ್ ಕಳಿಸಲು ಹೇಳಿದಳು. ಅತ್ತ ಕೌಂಟರಿನಲ್ಲಿ ಸೀವ್, ಇವತ್ತು ಮಾಲಕಿಗೆ ಚೀಸ್ ಎಣಿಸೋಕೆ ಬರಲಿಲ್ಲ ಎಂದು ತೂರ್ಲೈಫ್‌ನ ಹತ್ತಿರ ದೂರುತ್ತಿದ್ದಳು. ಗುನ್ವೋರ್ ಹೊರಗೆ ಬಂದು, ನಿಜ, ಬರಲಿಲ್ಲ ಎಂದು ಒಪ್ಪಿಕೊಂಡಳು. ಸಂಜೆ ಬಾಗಿಲು ಹಾಕಿದ ಮೇಲೆ ಇಬ್ಬರೂ ಕಾಫಿ ಕುಡಿದು ಮನೆಗೆ ಹೋದರು. ಕೌಂಟರ್ ಮುಚ್ಚುವ ಮಾತು ಬರಲಿಲ್ಲ.

ಮರುವರ್ಷ ಜೂನ್‌ನಲ್ಲಿ ಸೀವ್‌ಗೆ ಪಿಂಚಣಿ ಶುರುವಾಯಿತು. ಆ ದಿನದವರೆಗೂ ಚೀಸ್ ಕೌಂಟರ್ ತೆರೆದೇ ಇತ್ತು. ಗುನ್ವೋರ್ ಕೊಟ್ಟ ಮಾತು ಉಳಿಸಿಕೊಂಡಳು.